ನೀರಿನೊಳಗಿನ ಸತು: ಹೆಚ್ಚು ಶಕ್ತಿಯ, ಹೆಚ್ಚು ಸುರಕ್ಷಿತ ಬ್ಯಾಟರಿಗೆ ಬೇಕಾದದ್ದೇನು?



ಸತುವಿನ ಬ್ಯಾಟರಿಯ ಬಗ್ಗೆ ಮಾತನಾಡಲು ಪೀರನವಾಡಿಗಿಂತ ತಕ್ಕ ಜಾಗ ನನಗೆ ಹೊಳೆಯುವುದಿಲ್ಲ. ಇಲ್ಲಿಂದ ಬೆಳಗಾವಿಯ ಕಡೆ ನಡೆದರೆ ಉದ್ಯಮಬಾಗ. ಅಲ್ಲಿ ಫೌಂಡ್ರಿಗಳಿವೆ, ಲೇತ್‌ಗಳಿವೆ, ನಟ್ಟು-ಬೋಲ್ಟುಗಳಿಗೆ ಜಿಂಕ್ ಪ್ಲೇಟಿಂಗ್ ಮಾಡುವ ತೊಟ್ಟಿಗಳಿವೆ. ಖಾನಾಪುರದ ಕಡೆ ಹೊರಟರೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಸಿಗುತ್ತದೆ. ಅದನ್ನು ದಾಟಿ ಹೋದರೆ ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ ಖಾನಾಪುರದ ಮಣ್ಣು. ಇದೇ ಊರಿನಲ್ಲಿ ಕವಲೊಡೆಯುವ ಇನ್ನೊಂದು ರಸ್ತೆ ಜಾಂಬೋಟಿ, ಕಣಕುಂಬಿಗಳ ಮೇಲೆ ಹಾದು ಚೋರ್ಲಾ ಘಾಟಿಗೆ ಇಳಿಯುತ್ತದೆ. ಪ್ಲೇಟಿಂಗ್ ತೊಟ್ಟಿ, ವಿಶ್ವವಿದ್ಯಾಲಯ, ಮಣ್ಣು, ಮಳೆಕಾಡು ಇವು ನಾಲ್ಕೂ ನನ್ನ ಮಾತಿನಲ್ಲಿ ಬರುತ್ತವೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸತುವಿನ ಬ್ಯಾಟರಿಯಲ್ಲಿ ಶಕ್ತಿ ಹೆಚ್ಚಿಸುವುದು ಒಂದು ಸಮಸ್ಯೆ, ಸುರಕ್ಷತೆ ಕಾಯುವುದು ಇನ್ನೊಂದು ಸಮಸ್ಯೆ ಎಂದು ನಮ್ಮ ಪಠ್ಯಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುತ್ತವೆ. ನನ್ನ ಪ್ರಕಾರ ಎರಡರ ಬೇರೂ ಒಂದೇ ಕಡೆ ಇದೆ. ಸತುವಿನ ಮೈ ನೀರನ್ನು ಮುಟ್ಟುವ ಜಾಗದಲ್ಲಿ, ಮೈಕ್ರೋಮೀಟರ್‌ಗಳಲ್ಲಿ ಅಳೆಯಬೇಕಾದ ಆ ತೆಳು ಪದರದಲ್ಲಿ, ಎರಡೂ ತೀರ್ಮಾನವಾಗುತ್ತವೆ.

ಸತುವೇ ಏಕೆ ಎಂಬುದಕ್ಕೆ ಉತ್ತರ ಅಂಕಿಗಳಲ್ಲಿದೆ. ಸತುವಿನ ಪ್ರತಿ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಸತುವಿನಿಂದ 820 ಮಿಲಿಆಂಪಿಯರ್-ಗಂಟೆ ವಿದ್ಯುದಂಶ ಸಿಗುತ್ತದೆ. ಇಂದಿನ ಲಿಥಿಯಂ-ಅಯಾನು ಬ್ಯಾಟರಿಯ ಗ್ರಾಫೈಟ್‌ನಿಂದ ಗ್ರಾಮಿಗೆ ಸಿಗುವುದು 372. ತೂಕ ಬಿಟ್ಟು ಗಾತ್ರ ನೋಡಿದರೆ ಸತು ಇನ್ನೂ ಮುಂದಿದೆ: ಒಂದು ಘನ ಸೆಂಟಿಮೀಟರಿಗೆ ಸುಮಾರು 5,850 ಮಿಲಿಆಂಪಿಯರ್-ಗಂಟೆ. ಅಪ್ಪಟ ಲಿಥಿಯಂ ಲೋಹದಲ್ಲೂ ಅದು 2,060ರ ಆಸುಪಾಸಿನಲ್ಲಿದೆ. ಜತೆಗೆ ಸತುವನ್ನು ಬರಿಗೈಯಲ್ಲಿ ಹಿಡಿಯಬಹುದು, ತೆರೆದ ಗಾಳಿಯಲ್ಲಿ ಕತ್ತರಿಸಬಹುದು, ನೀರಿನಲ್ಲಿ ಇಡಬಹುದು.

ನೀರಿನಲ್ಲಿ ಇಡಬಹುದು ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಉಷ್ಣಗತಿ ವಿಜ್ಞಾನದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಸತು ನೀರಿನಲ್ಲಿ ಸುಮ್ಮನಿರುವಂತಿಲ್ಲ. ಅದರ ವಿಭವ ಹೈಡ್ರೋಜನ್‌ಗಿಂತ 0.76 ವೋಲ್ಟ್ ಕೆಳಗಿದೆ. ಹಾಗಾಗಿ ಸತು ಕರಗಿ ನೀರಿನಿಂದ ಹೈಡ್ರೋಜನ್ ಹೊರಡಬೇಕು. ಆದರೆ ಸತುವಿನ ಮೈಮೇಲೆ ಹೈಡ್ರೋಜನ್ ಹುಟ್ಟುವ ಕ್ರಿಯೆ ಬಹಳ ನಿಧಾನ. ವೋಲ್ಟಾ 1800ರಲ್ಲಿ ಕಟ್ಟಿದ ವಿದ್ಯುತ್ ಕಂಬದಿಂದ ಹಿಡಿದು 1836ರ ಡೇನಿಯಲ್ ಕೋಶ, 1866ರ ಲೆಕ್ಲಾಂಶೆ ಕೋಶ, ನಮ್ಮ ಮನೆಗಳ ಟಾರ್ಚಿನ ಶೆಲ್ಲಿನ ತನಕ ಎಲ್ಲವೂ ಈ ನಿಧಾನದ ಕೃಪೆಯಿಂದಲೇ ನಡೆದುಬಂದಿವೆ. ನಿಧಾನ ಎಂದರೆ ಇಲ್ಲವೆಂದಲ್ಲ. ಬಹಳ ದಿನ ಟಾರ್ಚಿನಲ್ಲೇ ಉಳಿದ ಶೆಲ್ಲು ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿಸಿದ್ದನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಆ ಶೆಲ್ಲಿನ ಡಬ್ಬಿಯೇ ಸತು. ಅದನ್ನು ತಿಂದು ತೂತು ಮಾಡಿದ್ದು ಒಳಗಿನ ತೇವ.

ಟಾರ್ಚಿನ ಶೆಲ್ಲು ಒಮ್ಮೆ ಖಾಲಿಯಾದರೆ ಮುಗಿಯಿತು. ಅದನ್ನು ಮತ್ತೆ ಮತ್ತೆ ಚಾರ್ಜ್ ಮಾಡುವಂತೆ ಮಾಡುವುದೇ ನಮ್ಮ ಕಾಲದ ಕೆಲಸ. ತೀಕ್ಷ್ಣ ಕ್ಷಾರದಲ್ಲಿ ಅದು ಕಷ್ಟವಾಯಿತು. ಸತು ಕರಗಿ, ಮರಳಿ ಕೂರುವಾಗ ಮೊದಲಿನ ಜಾಗದಲ್ಲಿ ಕೂರುತ್ತಿರಲಿಲ್ಲ. 1980ರ ದಶಕದಲ್ಲಿ ಜಪಾನಿನ ಯಮಮೊಟೊ ಮತ್ತು ಶೋಜಿ ಕ್ಷಾರವನ್ನು ಬಿಟ್ಟು ಸತುವಿನ ಸಲ್ಫೇಟ್‌ನ ಮೃದು ದ್ರಾವಣವನ್ನು ಬಳಸಿದರು. 2012ರಲ್ಲಿ ಚೀನಾದ ಕಾಂಗ್ ಫೈಯು ತಂಡ ಅದೇ ದಾರಿಯಲ್ಲಿ ಸತು-ಅಯಾನು ಬ್ಯಾಟರಿಯ ಹೆಸರಿನಲ್ಲಿ ಹೊಸ ಉತ್ಸಾಹ ಹುಟ್ಟಿಸಿತು. 2016ರಲ್ಲಿ ಎರಡು ಕೆಲಸಗಳು ಲೋಕದ ಕಣ್ಣು ಸೆಳೆದವು. ಕೆನಡಾದ ಲಿಂಡಾ ನಜಾರ್ ಅವರ ತಂಡ ವೆನೇಡಿಯಂ ಆಕ್ಸೈಡ್‌ನ ಪದರಗಳ ನಡುವೆ ಸತುವಿನ ಅಯಾನುಗಳನ್ನು ಹೋಗಿ ಬರುವಂತೆ ಮಾಡಿತು. ಅಮೆರಿಕದ ಜುನ್ ಲಿಯು ಮತ್ತು ಸಂಗಡಿಗರು ದ್ರಾವಣಕ್ಕೆ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ, ಧನಧ್ರುವದ ಮ್ಯಾಂಗನೀಸ್ ಡೈಆಕ್ಸೈಡ್ ಕರಗಿಹೋಗುವುದನ್ನು ತಡೆದು, ಚಾರ್ಜ್ ಆಗಿ ಖಾಲಿಯಾಗುವ 5,000 ಸುತ್ತುಗಳ ಬಾಳಿಕೆ ತೋರಿಸಿದರು. ನಮ್ಮ ಬೆಂಗಳೂರಿನ ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರದಲ್ಲೂ ವೆನೇಡಿಯಂ ಆಕ್ಸೈಡ್‌ಗೆ ಶಾಖದ ಮತ್ತು ವಿದ್ಯುತ್ತಿನ ಸಂಸ್ಕಾರ ಕೊಟ್ಟು ಸತು ಬ್ಯಾಟರಿಯ ಧನಧ್ರುವವನ್ನು ಬಲಪಡಿಸುವ ಕೆಲಸ ನಡೆದಿದೆ.

ಹಾಗಾದರೆ ಈ ಬ್ಯಾಟರಿ ಇನ್ನೂ ಏಕೆ ನಮ್ಮ ಮನೆಯ ಯುಪಿಎಸ್‌ಗೆ ಬಂದಿಲ್ಲ? ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ಈ ಉಪನ್ಯಾಸದಲ್ಲಿ ನೀವು ನೆನಪಿಡಬೇಕಾದ ಲೆಕ್ಕ ಇದೊಂದೇ.

ಒಂದು ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಒಂದೇ ಎಲೆಕ್ಟ್ರಾನಿನ ಕ್ರಿಯೆಯಲ್ಲಿ 308 ಮಿಲಿಆಂಪಿಯರ್-ಗಂಟೆ ಕೊಡಬಲ್ಲದು. ಅದಕ್ಕೆ ಜತೆಯಾಗಿ ಬೇಕಾದ ಸತು 0.38 ಗ್ರಾಂ ಮಾತ್ರ. ಸರಾಸರಿ 1.35 ವೋಲ್ಟ್ ಹಿಡಿದರೆ ಸಿಗುವ ಶಕ್ತಿ 0.416 ವಾಟ್-ಗಂಟೆ. ಈ ಎರಡು ವಸ್ತುಗಳ ತೂಕಕ್ಕೆ ಭಾಗಿಸಿದರೆ ಕಿಲೋಗ್ರಾಮಿಗೆ ಸುಮಾರು 300 ವಾಟ್-ಗಂಟೆ. ಕೇಳಲು ಹಿತವಾಗಿದೆ. ಆದರೆ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಬಳಸುವುದು 100 ಮೈಕ್ರೋಮೀಟರ್ ದಪ್ಪದ ಸತುವಿನ ಹಾಳೆ. ಅದರ ಒಂದು ಚದರ ಸೆಂಟಿಮೀಟರಿನಲ್ಲಿ 58 ಮಿಲಿಆಂಪಿಯರ್-ಗಂಟೆಗೂ ಹೆಚ್ಚು ವಿದ್ಯುದಂಶ ಅಡಗಿದೆ. ಎದುರಿಗಿರುವ ತೆಳುವಾದ ಧನಧ್ರುವ ಕೇಳುವುದು ಅದರಲ್ಲಿ ಒಂದೋ ಎರಡೋ ಮಾತ್ರ. ಉಳಿದ ಸತು ಸುಮ್ಮನೆ ಕೂತಿರುತ್ತದೆ. ನೂರಕ್ಕೆ ಐದು ಭಾಗ ಸತು ದುಡಿಯುತ್ತದೆ ಎಂದೇ ಹಿಡಿಯಿರಿ. ಆಗ 0.38 ಗ್ರಾಂ ಬದಲಿಗೆ ಏಳೂವರೆ ಗ್ರಾಂ ಸತು ಹಾಕಿದಂತಾಯಿತು. 300 ಇದ್ದ ಶಕ್ತಿ 49ಕ್ಕೆ ಕುಸಿಯಿತು. ಇದರಲ್ಲಿ ನೀರಿನ ತೂಕ, ಡಬ್ಬಿಯ ತೂಕ, ನಡುವಿನ ಪರದೆಯ ತೂಕ ಇನ್ನೂ ಸೇರಿಲ್ಲ. ಅದೇ ಸತುವಿನಲ್ಲಿ ಅರ್ಧ ಭಾಗ ದುಡಿಯುವಂತೆ ಮಾಡಿದರೆ ಅಂಕಿ ಮತ್ತೆ 238ಕ್ಕೆ ಏರುತ್ತದೆ.

ಹೊಸ ಧನಧ್ರುವ ಹುಡುಕುವುದರಲ್ಲೇ ಸಂಶೋಧಕರ ಆಯುಷ್ಯದ ಬಹುಭಾಗ ಹೋಗುತ್ತಿದೆ. ಅದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆದರೆ ಸಿಗಬೇಕಾದ ಶಕ್ತಿಯ ದೊಡ್ಡ ಪಾಲು ಋಣಧ್ರುವದಲ್ಲಿ ದುಡಿಯದೆ ಕೂತ ಸತುವಿನಲ್ಲಿ ಸಿಕ್ಕಿಕೊಂಡಿದೆ ಎಂದು ಈ ಲೆಕ್ಕ ತೋರಿಸುತ್ತದೆ.

ಅಷ್ಟೊಂದು ಹೆಚ್ಚುವರಿ ಸತುವನ್ನು ಹಾಕುವುದಾದರೂ ಏಕೆ? ಪ್ರತಿ ಸುತ್ತಿನಲ್ಲೂ ಸ್ವಲ್ಪ ಸತು ನಷ್ಟವಾಗುತ್ತದೆ. ಕರಗಿದ ಸತುವಿನಲ್ಲಿ ನೂರಕ್ಕೆ 99.5 ಭಾಗ ಮರಳಿ ಬಂದರೆ ಪ್ರಬಂಧದಲ್ಲಿ ಅದು ಒಳ್ಳೆಯ ಅಂಕಿಯಂತೆ ಕಾಣುತ್ತದೆ. ನೂರು ಸುತ್ತು ಕಳೆಯುವಷ್ಟರಲ್ಲಿ ಉಳಿಯುವುದು ಶೇಕಡಾ 60. ಶೇಕಡಾ 99.9 ಮರಳಿದರೂ ಸಾವಿರ ಸುತ್ತಿಗೆ ಉಳಿಯುವುದು 37. ಬಿತ್ತನೆಗೆಂದು ಎತ್ತಿಟ್ಟ ಕಾಳಿನಲ್ಲಿ ಪ್ರತಿ ಹಂಗಾಮಿಗೂ ಒಂದಿಷ್ಟು ಹುಳ ತಿಂದರೆ ರೈತ ಹೆಚ್ಚು ಕಾಳು ಎತ್ತಿಡುತ್ತಾನಲ್ಲ, ಹಾಗೆ ನಾವು ಹೆಚ್ಚು ಸತು ತುಂಬುತ್ತೇವೆ. ಹುಳಕ್ಕೆ ಮದ್ದು ಹುಡುಕುವುದು ಬೇರೆಯ ಕೆಲಸ.

ಈ ನಷ್ಟ ಮೂರು ರೂಪದಲ್ಲಿ ಬರುತ್ತದೆ. ಮರಳಿ ಕೂರುವ ಸತು ಸಮನಾಗಿ ಹರಡದೆ ಮೊನೆಮೊನೆಯಾಗಿ ಬೆಳೆಯುತ್ತದೆ, ಅದು ಡೆಂಡ್ರೈಟ್. ಮೊನೆ ಉದ್ದವಾದರೆ ಪರದೆ ಚುಚ್ಚಿ ಆಚೆ ಬದಿಗೆ ತಗಲುತ್ತದೆ, ಬ್ಯಾಟರಿ ಒಳಗೇ ಶಾರ್ಟ್ ಆಗುತ್ತದೆ. ಇತ್ತ ನೀರು ಒಡೆದು ಹೈಡ್ರೋಜನ್ ಆಗುತ್ತದೆ. ಹೈಡ್ರೋಜನ್ ಹೊರಟ ಜಾಗದಲ್ಲಿ ಕ್ಷಾರಗುಣ ಏರಿ, ಸತುವಿನ ಹೈಡ್ರಾಕ್ಸೈಡ್-ಸಲ್ಫೇಟ್ ಬಿಳಿ ಹೊಪ್ಪಳಿಕೆಯಾಗಿ ಅಂಟಿಕೊಳ್ಳುತ್ತದೆ; ಅದರ ಕೆಳಗಿನ ಸತು ಸತ್ತಂತೆ. ಈ ಮೂರೂ ಒಂದನ್ನೊಂದು ಬೆಳೆಸುತ್ತವೆ. ಮೊನೆ ಹೆಚ್ಚಿದಷ್ಟೂ ನೀರಿಗೆ ತಗಲುವ ಮೈ ಹೆಚ್ಚು, ಮೈ ಹೆಚ್ಚಿದಷ್ಟೂ ಹೈಡ್ರೋಜನ್ ಹೆಚ್ಚು.

ಇಲ್ಲಿ ನಾನು ಉದ್ಯಮಬಾಗದ ಕಡೆ ತಿರುಗುತ್ತೇನೆ. ಸತುವನ್ನು ನೀರಿನ ದ್ರಾವಣದಿಂದ ಲೋಹದ ಮೇಲೆ ಸಮನಾಗಿ ಕೂರಿಸುವುದು ಪ್ಲೇಟಿಂಗ್ ಮಾಡುವವರ ದಿನನಿತ್ಯದ ಕಸುಬು. ಕರೆಂಟ್ ಜಾಸ್ತಿ ಬಿಟ್ಟರೆ ಬೋಲ್ಟಿನ ಅಂಚು ಕಪ್ಪಾಗಿ, ಒರಟಾಗಿ ಸುಟ್ಟಂತಾಗುತ್ತದೆ ಎಂದು ಅವರಿಗೆ ಗೊತ್ತು. ನಮ್ಮ ಡೆಂಡ್ರೈಟಿನ ಹುಟ್ಟೂ ಅಲ್ಲೇ. ತೊಟ್ಟಿಗೆ ಬ್ರೈಟ್ನರ್ ಎಷ್ಟು ಬೀಳಬೇಕು, ಬೋರಿಕ್ ಆಮ್ಲ ಕಡಿಮೆಯಾದರೆ ಅಂಚುಗಳಲ್ಲಿ ಏನಾಗುತ್ತದೆ ಎಂಬುದು ಅವರ ಕೈಗೆ ಒಗ್ಗಿದ ವಿದ್ಯೆ. 267 ಮಿಲಿಲೀಟರಿನ ಹಲ್ ಸೆಲ್ ಎಂಬ ಓರೆಗೋಡೆಯ ಚಿಕ್ಕ ತೊಟ್ಟಿಯಲ್ಲಿ ಒಂದೇ ತಗಡಿನ ಮೇಲೆ ಹಲವು ಕರೆಂಟ್ ಸಾಂದ್ರತೆಗಳ ಫಲವನ್ನು ಕೆಲವೇ ನಿಮಿಷಗಳಲ್ಲಿ ನೋಡಿಬಿಡುತ್ತಾರೆ. ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಪ್ಲೇಟಿಂಗ್ ಆದ ಮೇಲೆ ಒಲೆಯಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಸತು ಕೂರುವಾಗ ಹುಟ್ಟಿದ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡಬಾರದೆಂದು. ಪ್ಲೇಟಿಂಗ್ ತೊಟ್ಟಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಾಲಿಎಥಿಲೀನ್ ಗ್ಲೈಕಾಲ್ ಇತ್ತೀಚೆಗೆ ಸತು ಬ್ಯಾಟರಿಯ ಪ್ರಬಂಧಗಳಲ್ಲಿ ಹೊಸ ಸೇರ್ಪಡೆಯಾಗಿ ಕಾಣಿಸಿಕೊಳ್ಳುತ್ತಿದೆ. ಒಂದು ವ್ಯತ್ಯಾಸವನ್ನು ಮರೆಯಬಾರದು: ಪ್ಲೇಟಿಂಗಿನಲ್ಲಿ ಸತು ಒಮ್ಮೆ ಕೂತರೆ ಸಾಕು, ಬ್ಯಾಟರಿಯಲ್ಲಿ ಸಾವಿರಾರು ಸಲ ಎದ್ದು ಕೂರಬೇಕು. ಆದರೂ ಮೊದಲ ಪಾಠ ಆ ತೊಟ್ಟಿಯಲ್ಲಿದೆ.

ಪತ್ರಾಸ್ ಮಾಡಿನ ಮೇಲೆ, ಹೊಸ ಬಕೀಟಿನ ಮೈಮೇಲೆ ಹೊಳೆಯುವ ಹೂವಿನ ಚಿತ್ತಾರವನ್ನು ನೋಡಿದ್ದೀರಿ. ಅವು ಸತುವಿನ ಹರಳುಗಳು. ಸತುವಿನ ಹರಳು ಷಟ್ಕೋನದ ಬಿಲ್ಲೆಗಳಾಗಿ ಬೆಳೆಯುತ್ತದೆ. ಬಿಲ್ಲೆಗಳು ನಿಂತರೆ ಪರದೆಯನ್ನು ಚುಚ್ಚುತ್ತವೆ, ಮಲಗಿದರೆ ಒಂದರ ಮೇಲೊಂದು ಒಪ್ಪವಾಗಿ ಕೂರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಿಂಡನ್ ಆರ್ಚರ್ ಅವರ ತಂಡ 2019ರಲ್ಲಿ ಗ್ರಾಫೀನ್ ಹಾಸಿನ ಮೇಲೆ ಬಿಲ್ಲೆಗಳನ್ನು ಮಲಗಿಸಿ ತೋರಿಸಿತು. ಅದಕ್ಕೂ ಎರಡು ವರ್ಷ ಮುಂಚೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು ಸತುವನ್ನು ಹಾಳೆಯ ಬದಲು ಸ್ಪಂಜಿನಂತೆ ರಂಧ್ರಮಯವಾಗಿ ಮಾಡಿ, ಕರೆಂಟನ್ನು ಎಲ್ಲೆಡೆ ಹಂಚಿ, ಸತುವಿನ ಹೆಚ್ಚಿನ ಪಾಲನ್ನು ದುಡಿಸಿದರು. ನನಗೆ ಈ ಎರಡನೆಯದು ಹೆಚ್ಚು ಇಷ್ಟ. ಸತುವಿನ ಪುಡಿ ಮತ್ತು ಒಲೆ ಇರುವ ಊರಿನಲ್ಲಿ ಅದನ್ನು ಮಾಡಿ ನೋಡಬಹುದು.

ಇನ್ನು ಖಾನಾಪುರದ ಮಣ್ಣು. ಮಣ್ಣಿಗೂ ಸತುವಿಗೂ ನಂಟು ಹಳೆಯದು. ಸತು 907 ಡಿಗ್ರಿಗೇ ಆವಿಯಾಗುತ್ತದೆ. ಅದಿರಿನಿಂದ ಬಿಡಿಸುವ ಶಾಖ ಅದಕ್ಕಿಂತ ಮೇಲಿನದು. ಹಾಗಾಗಿ ಒಲೆಯಲ್ಲಿ ಸತು ಹೊಗೆಯಾಗಿ ಹೋಗುತ್ತಿತ್ತು. ರಾಜಸ್ಥಾನದ ಜಾವರ್‌ನಲ್ಲಿ ನಮ್ಮ ದೇಶದ ಕುಶಲಿಗಳು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಆವಿಯನ್ನು ಕೆಳಗೆ ತಣಿಸಿ, ಯುರೋಪಿಗಿಂತ ಶತಮಾನಗಳ ಮೊದಲೇ ದೊಡ್ಡ ಪ್ರಮಾಣದಲ್ಲಿ ಸತು ತೆಗೆದರು. ಡೇನಿಯಲ್ ಕೋಶದಲ್ಲೂ ಎರಡು ದ್ರಾವಣಗಳು ಬೆರೆಯದಂತೆ ನಡುವೆ ನಿಂತದ್ದು ಸಣ್ಣ ರಂಧ್ರಗಳುಳ್ಳ ಮಣ್ಣಿನ ಪಾತ್ರೆ. 2020ರಲ್ಲಿ ಚೀನಾದ ಸಂಶೋಧಕರು ಸತುವಿನ ಹಾಳೆಗೆ ಕೆಯೊಲಿನ್ ಎಂಬ ಬಿಳಿ ಜೇಡಿಯ ತೆಳು ಲೇಪ ಕೊಟ್ಟರು. ಜೇಡಿಯ ಕಿರುರಂಧ್ರಗಳು ಸತುವಿನ ಅಯಾನುಗಳನ್ನು ಜರಡಿ ಹಿಡಿದು ಸಮನಾಗಿ ಹಂಚಿದವು, ನೀರು ನೇರವಾಗಿ ಲೋಹವನ್ನು ಮುಟ್ಟುವುದನ್ನು ತಗ್ಗಿಸಿದವು. ಹಾಳೆಯ ಬಾಳಿಕೆ ಹೆಚ್ಚಿತು. ದುಬಾರಿ ಸಾಮಗ್ರಿ ಇಲ್ಲ, ವಿಷ ಇಲ್ಲ. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇದೇ ಖಾನಾಪುರದಲ್ಲಿ. ಮಣ್ಣನ್ನು ಸೋಸುವುದು, ಹದ ಮಾಡುವುದು, ರಂಧ್ರದ ಗಾತ್ರ ಕಾಯ್ದುಕೊಂಡು ಸುಡುವುದು ಅಲ್ಲಿ ಕಲಿಸುವ ವಿದ್ಯೆ. ನಮ್ಮ ತಾಂತ್ರಿಕ ಕಾಲೇಜುಗಳ ರಸಾಯನ ವಿಭಾಗಗಳು ಅಲ್ಲಿಗೆ ಹೋಗಿ ಕೈಜೋಡಿಸಬೇಕು.

ಶಕ್ತಿ ಹೆಚ್ಚಿಸುವ ಉಳಿದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರು 1.23 ವೋಲ್ಟಿಗೇ ಒಡೆಯಬಲ್ಲದು. ಆದ್ದರಿಂದ ನೀರಿನ ಬ್ಯಾಟರಿಯ ವೋಲ್ಟೇಜ್ ಕಡಿಮೆ. ಉಪ್ಪನ್ನು ವಿಪರೀತ ತುಂಬಿ ಬಿಡಿ ನೀರೇ ಇಲ್ಲದಂತೆ ಮಾಡುವ ಉಪಾಯವನ್ನು 2018ರಲ್ಲಿ ಅಮೆರಿಕದ ಚುನ್‌ಶೆಂಗ್ ವಾಂಗ್ ತಂಡ ಸತುವಿಗೆ ಅನ್ವಯಿಸಿತು. ಸತು ಮರಳುವ ಪ್ರಮಾಣ ಶೇಕಡಾ ನೂರರ ಹತ್ತಿರ ಬಂತು. ಆದರೆ ಅದಕ್ಕೆ ಬಳಸಿದ ಫ್ಲೋರಿನ್‌ಯುಕ್ತ ಲಿಥಿಯಂ ಲವಣದ ಬೆಲೆ ಎಷ್ಟೆಂದರೆ, ಅಗ್ಗವೆಂದು ಸತುವಿಗೆ ಬಂದವರು ಮತ್ತೆ ದುಬಾರಿಗೇ ಹೋಗಬೇಕಾಗುತ್ತದೆ. ಒಂದು ಬದಿ ಆಮ್ಲ, ಇನ್ನೊಂದು ಬದಿ ಕ್ಷಾರ ಇಟ್ಟು 2.8 ವೋಲ್ಟ್ ಪಡೆದವರೂ ಇದ್ದಾರೆ. ನಡುವಿನ ಪೊರೆಗಳು ಬಹುಕಾಲ ತಡೆದರೆ ಅದು ದೊಡ್ಡ ಗೆಲುವು. ಮ್ಯಾಂಗನೀಸ್‌ನಿಂದ ಎರಡೂ ಎಲೆಕ್ಟ್ರಾನ್ ಪಡೆದರೆ ಗ್ರಾಮಿಗೆ 308 ಇದ್ದದ್ದು 616 ಆಗುತ್ತದೆ, ಆದರೆ ಅದಕ್ಕೆ ಬೇಕಾದ ಆಮ್ಲ ಸತುವನ್ನು ತಿನ್ನುತ್ತದೆ. ಮತ್ತೆ ನಾವು ಸತುವಿನ ಮೈಗೇ ಬಂದೆವು.

ಈಗ ಸುರಕ್ಷತೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡದ್ದು ನಿಮಗೆ ನೆನಪಿದೆ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ದೊಡ್ಡ ಲಿಥಿಯಂ ಬ್ಯಾಟರಿ ಕೇಂದ್ರಕ್ಕೆ ಬೆಂಕಿ ಬಿದ್ದು ಸುತ್ತಲಿನ ಜನರನ್ನು ತೆರವುಗೊಳಿಸಬೇಕಾಯಿತು. ಲಿಥಿಯಂ ಬ್ಯಾಟರಿಯ ದ್ರವ ಉರಿಯುವಂಥದು. ಸತು ಬ್ಯಾಟರಿಯ ದ್ರವ ನೀರು. ಈ ಮೇಲುಗೈ ನಿಜವಾದದ್ದು, ಅದನ್ನು ನಾನು ಕಿರಿದು ಮಾಡುವುದಿಲ್ಲ. ಆದರೆ ನೀರಿದೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ಬರೆದು ಮುಂದಿನ ಪುಟಕ್ಕೆ ಹೋಗುವುದು ಸರಿಯಲ್ಲ. ಒಂದು ಗ್ರಾಂ ಸತು ನೀರಿನೊಂದಿಗೆ ಪೂರ್ತಿ ಕ್ರಿಯೆ ನಡೆಸಿದರೆ ಸುಮಾರು 370 ಮಿಲಿಲೀಟರ್ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ಮುಚ್ಚಿದ ಡಬ್ಬಿಯಲ್ಲಿ ಆ ಅನಿಲ ಒತ್ತಡವಾಗುತ್ತದೆ, ಡಬ್ಬಿ ಉಬ್ಬುತ್ತದೆ, ಬಿರಿದರೆ ದ್ರಾವಣ ಹೊರಬರುತ್ತದೆ. ದುಡಿಯದ ಸತು ಹೆಚ್ಚಿದ್ದಷ್ಟೂ ಹೈಡ್ರೋಜನ್ ಆಗಬಲ್ಲ ದಾಸ್ತಾನು ಹೆಚ್ಚು. ಅಂದರೆ ಶಕ್ತಿಯ ಸಾಂದ್ರತೆಯನ್ನು ಕೊಂದ ಹೆಚ್ಚುವರಿ ಸತುವೇ ಅಪಾಯದ ದಾಸ್ತಾನೂ ಹೌದು. ಎರಡೂ ಒಂದೇ ಸಮಸ್ಯೆ ಎಂದು ಮೊದಲಿಗೆ ಹೇಳಿದ್ದು ಇದಕ್ಕೇ.

ನೀರಿನ ಆಟ ತಗ್ಗಿಸಲು ದ್ರಾವಣಕ್ಕೆ ಸಾವಯವ ದ್ರಾವಕಗಳನ್ನು ಬೆರೆಸುವ ಪ್ರಬಂಧಗಳು ರಾಶಿ ಬೀಳುತ್ತಿವೆ. ಸ್ವಲ್ಪ ಬೆರೆಸಿದರೆ ಲಾಭವಿದೆ. ಅರ್ಧಕ್ಕರ್ಧ ಬೆರೆಸಿದ ಮೇಲೆ ಅದು ಉರಿಯುತ್ತದೆಯೇ ಎಂದು ಕೇಳಲೇಬೇಕು. ಕೆಲವು ವೆನೇಡಿಯಂ ಸಂಯುಕ್ತಗಳು ವಿಷಕಾರಿ. ದ್ರಾವಣಕ್ಕೆ ಕರಗಿ ಬಂದದ್ದು ಸೋರಿದರೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಮಲಪ್ರಭೆ ಹುಟ್ಟುವ ಜಿಲ್ಲೆಯವರು ಇದನ್ನು ಕೇಳದೆ ಬಿಡಬಾರದು. ಹಾಗಾಗಿ ಮ್ಯಾಂಗನೀಸ್ ದಾರಿಯೇ ನಮಗೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಸಂಡೂರಿನಲ್ಲಿ ಮ್ಯಾಂಗನೀಸ್ ಅದಿರಿದೆ. ಬ್ಯಾಟರಿಗೆ ಬೇಕಾದ ಶುದ್ಧತೆಗೆ ತರುವ ಸಂಸ್ಕರಣೆ ಬೇಕು ಅಷ್ಟೆ. ರಾಜಸ್ಥಾನದಲ್ಲಿ ಸತುವಿನ ದೊಡ್ಡ ಗಣಿಗಳಿವೆ. ಲಿಥಿಯಂ ವಿಷಯದಲ್ಲಿ ನಮ್ಮ ರಾಜ್ಯದ ಸ್ಥಿತಿ ಹಾಗಿಲ್ಲ: ಮಂಡ್ಯ ಜಿಲ್ಲೆಯ ಮರ್ಲಗಲ್ಲ-ಅಲ್ಲಾಪಟ್ಣ ಪ್ರದೇಶದಲ್ಲಿ ಅಂದಾಜಿಸಿದ್ದು 1,600 ಟನ್.

ಈ ಬ್ಯಾಟರಿ ಎಲ್ಲಿಗೆ ಸಲ್ಲುತ್ತದೆ? ಕಾರಿಗೆ, ಮೊಬೈಲಿಗೆ ಸಲ್ಲುವುದಿಲ್ಲ. ಲಿಥಿಯಂ ಅಲ್ಲಿ ಬಹಳ ಮುಂದಿದೆ. ಒಂದು ಕಡೆ ಇಟ್ಟು ಮರೆಯುವ ಕೆಲಸಗಳಿಗೆ ಸಲ್ಲುತ್ತದೆ. ಭೀಮಗಡದ ಕಾಡಿನ ಆಮಗಾಂವ, ಗವಾಳಿ, ಪಾಸ್ತೋಲಿಗಳಂಥ ಊರುಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಅವುಗಳಿಗೆ ದಾರಿಯಿಲ್ಲ, ಸೌರ ಫಲಕಕ್ಕೆ ದಿನಗಟ್ಟಲೆ ಬಿಸಿಲಿಲ್ಲ. ಒಂದು ಮನೆಯ ದೀಪಗಳು, ಮೊಬೈಲ್ ಚಾರ್ಜ್, ಸಣ್ಣ ಫ್ಯಾನ್ ಸೇರಿ ದಿನಕ್ಕೆ 200 ವಾಟ್-ಗಂಟೆ ಹಿಡಿದರೆ ನಾಲ್ಕು ದಿನಕ್ಕೆ 800. ಕಿಲೋಗೆ 50 ವಾಟ್-ಗಂಟೆ ಕೊಡುವ ಸತು ಬ್ಯಾಟರಿಯಾದರೆ 16 ಕಿಲೋ. ಒಬ್ಬನೇ ಹೊತ್ತುಕೊಂಡು ಹೋಗಬಹುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಕೆಡುವುದರಿಂದ ಅದು 45 ಕಿಲೋ ದಾಟುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ 7 ಕಿಲೋದಲ್ಲಿ ಮುಗಿಯುತ್ತದೆ, ಅದರ ಬೆಲೆಯೂ ಇಳಿಯುತ್ತಿದೆ. ಸತು ಅದರೊಂದಿಗೆ ಸೆಣಸಿಯೇ ಗೆಲ್ಲಬೇಕು. ಆ ಮನೆಗೆ ಮುಖ್ಯವಾದದ್ದು ಚಾರ್ಜ್ ಆದ ಬ್ಯಾಟರಿ ನಾಲ್ಕು ದಿನ ಸುಮ್ಮನಿದ್ದರೆ ಎಷ್ಟು ಉಳಿಸಿಕೊಳ್ಳುತ್ತದೆ ಎಂಬುದು. ಪ್ರಬಂಧಗಳಲ್ಲಿ ಬ್ಯಾಟರಿ ಹಗಲಿರುಳು ಬಿಡದೆ ಓಡುತ್ತದೆ. ಬಳಸುವವರ ಮನೆಯಲ್ಲಿ ಅದು ಬಹುಪಾಲು ಸುಮ್ಮನಿರುತ್ತದೆ. ಸತುವಿನ ತುಕ್ಕು ಕೆಲಸ ಮಾಡುವುದು ಆ ಸುಮ್ಮನಿರುವ ಹೊತ್ತಿನಲ್ಲೇ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ನೀವು ಸತು ಬ್ಯಾಟರಿಯ ಪ್ರಾಜೆಕ್ಟ್ ಮಾಡಿದರೆ ವರದಿಯ ಮೊದಲ ಪುಟದಲ್ಲೇ ಎಷ್ಟು ಭಾಗ ಸತು ದುಡಿಯಿತು, ಎಷ್ಟು ದ್ರಾವಣ ಸುರಿದಿರಿ, ವಾರವಿಡೀ ಸುಮ್ಮನೆ ಇಟ್ಟ ಮೇಲೆ ಎಷ್ಟು ಉಳಿಯಿತು, ಎಷ್ಟು ಅನಿಲ ಬಂತು ಎಂದು ಬರೆಯಿರಿ. ಅಂಕಿ ಚಿಕ್ಕದಾದರೂ ಬರೆಯಿರಿ. ಮಾರ್ಗದರ್ಶಕರು ಆ ಚಿಕ್ಕ ಅಂಕಿಗೆ ಅಂಕ ಕಡಿಮೆ ಕೊಡಬಾರದು. ಕಾರ್ಖಾನೆಯವರಲ್ಲಿ ಕೇಳುವುದು ಇಷ್ಟೇ: ನಿಮ್ಮ ಪ್ಲೇಟಿಂಗ್ ತೊಟ್ಟಿಯ ಬಳಿ ಈ ಮಕ್ಕಳಿಗೆ ನಿಂತು ನೋಡಲು ಅವಕಾಶ ಕೊಡಿ, ಅಲ್ಲಿ ದುಡಿಯುವವರನ್ನು ವರ್ಷಕ್ಕೆ ಒಂದೆರಡು ಸಲವಾದರೂ ಕಾಲೇಜಿನ ಪ್ರಯೋಗಾಲಯಕ್ಕೆ ಪಾಠ ಹೇಳಲು ಕಳಿಸಿ. ಈ ಉಪನ್ಯಾಸದ ದತ್ತಿಯನ್ನು ಇಟ್ಟ ಮನೆತನದ ಹಿರಿಯರು ಒಪ್ಪಿದರೆ ಮುಂದಿನ ವರ್ಷದ ಉಪನ್ಯಾಸವನ್ನು ಆ ತೊಟ್ಟಿಗಳ ಬಳಿ ದುಡಿಯುವವರಲ್ಲೊಬ್ಬರಿಂದ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.